ವಿಭಜನೆ ಮತ್ತು ದಹನ: ಹತ್ತನೇ ತರಗತಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಸಾಯನಿಕ ಕ್ರಿಯೆಗಳ ಪಾಠ ಶುರುವಾದ ದಿನದಿಂದ ಪರೀಕ್ಷೆಯ ಹಿಂದಿನ ರಾತ್ರಿವರೆಗೂ ಮಕ್ಕಳು, ಕೆಲವೊಮ್ಮೆ ಅಪ್ಪ ಅಮ್ಮಂದಿರೂ ಕೇಳುವ ಪ್ರಶ್ನೆಗಳಿವು. ಗೈಡಿನಲ್ಲಿ ಉತ್ತರ ಸಿಗುವಂಥವನ್ನು ಚುಟುಕಾಗಿ ಮುಗಿಸಿದ್ದೇನೆ, ಸಿಗದವಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಸಮೀಕರಣಗಳನ್ನು ಹೆಸರುಗಳಲ್ಲೇ ಬರೆದಿದ್ದೇನೆ. ಸೂತ್ರಗಳನ್ನು ನೀವೇ ಪಕ್ಕದಲ್ಲಿ ಬರೆದುಕೊಳ್ಳಿ, ಅಭ್ಯಾಸವೂ ಆಗುತ್ತದೆ.

ಎರಡಕ್ಕೂ ಇರುವ ವ್ಯತ್ಯಾಸವನ್ನು ಸುಲಭವಾಗಿ ಹೇಳಿ.

ವಿಭಜನೆಯಲ್ಲಿ ಒಂದು ವಸ್ತು ಒಡೆದು ಎರಡು ಅಥವಾ ಹೆಚ್ಚು ವಸ್ತುಗಳಾಗುತ್ತದೆ. ದಹನದಲ್ಲಿ ಒಂದು ವಸ್ತು ಆಕ್ಸಿಜನ್ ಜೊತೆ ಸೇರಿ ಉರಿಯುತ್ತದೆ, ಶಾಖ ಮತ್ತು ಬೆಳಕು ಕೊಡುತ್ತದೆ. ಸಮೀಕರಣದಲ್ಲಿ ಬಾಣದ ಎಡಕ್ಕೆ ಒಂದೇ ಹೆಸರಿದ್ದರೆ ಅದು ವಿಭಜನೆ. ಎಡಕ್ಕೆ ಆಕ್ಸಿಜನ್ ಇದ್ದು, ಬೆಂಕಿಯೂ ಹೊತ್ತಿಕೊಂಡರೆ ದಹನ.

ಆದರೆ ಒಂದು ಕಡೆ ಒಂದೇ ಕ್ರಿಯೆ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಸೌದೆ ಒಲೆಯಲ್ಲಿ ಎರಡೂ ಒಟ್ಟೊಟ್ಟಿಗೆ ನಡೆಯುತ್ತವೆ. ಸುಣ್ಣದ ಭಟ್ಟಿಯಲ್ಲೂ ಹಾಗೆಯೇ. ಹೆಸರು ಉರು ಹೊಡೆಯುವ ಮೊದಲು ಶಾಖ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅಂತ ನೋಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ವಿಭಜನೆಗೆ ಯಾವಾಗಲೂ ಬಿಸಿ ಮಾಡಲೇಬೇಕಾ?

ಇಲ್ಲ. ಶಾಖ, ಬೆಳಕು, ವಿದ್ಯುತ್ ಮೂರರಲ್ಲಿ ಯಾವುದಾದರೂ ಆಗಬಹುದು. ಸುಣ್ಣದ ಕಲ್ಲು ಶಾಖಕ್ಕೆ ಒಡೆಯುತ್ತದೆ. ಬಿಳಿಯ ಸಿಲ್ವರ್ ಕ್ಲೋರೈಡ್ ಬಿಸಿಲಿಗಿಟ್ಟರೆ ಬೂದು ಬಣ್ಣಕ್ಕೆ ತಿರುಗುತ್ತದೆ, ಯಾಕೆಂದರೆ ಕ್ಲೋರಿನ್ ಹೋಗಿ ಬೆಳ್ಳಿ ಉಳಿಯುತ್ತದೆ. ಹಳೆಯ ಕಪ್ಪು ಬಿಳುಪು ಫೋಟೊಗಳ ಹಿಂದೆ ಇದ್ದದ್ದು ಬೆಳ್ಳಿಯ ಲವಣಗಳ ಈ ಗುಣವೇ. ನೀರು ವಿದ್ಯುತ್ತಿಗೆ ಒಡೆದು ಹೈಡ್ರೋಜನ್, ಆಕ್ಸಿಜನ್ ಆಗುತ್ತದೆ. ಎರಡು ಪ್ರನಾಳಗಳಲ್ಲಿ ಒಂದರಲ್ಲಿ ಅನಿಲ ಇನ್ನೊಂದರ ಎರಡರಷ್ಟು ತುಂಬಿರುತ್ತದೆ, ಅಲ್ವಾ? ಜಾಸ್ತಿ ಇರುವುದು ಹೈಡ್ರೋಜನ್.

ಸುಣ್ಣದ ಕಲ್ಲನ್ನು ಸುಟ್ಟರೆ ಅದು ಯಾಕೆ ದಹನ ಅಲ್ಲ? "ಸುಡುವುದು" ಅಂತಲೇ ಹೇಳುತ್ತೇವಲ್ಲ?

ಭಟ್ಟಿಯಲ್ಲಿ ಉರಿಯುವುದು ಕಲ್ಲಿದ್ದಲು, ಕಲ್ಲಲ್ಲ. ಕಲ್ಲು ಆಕ್ಸಿಜನ್ನನ್ನು ಮುಟ್ಟುವುದೂ ಇಲ್ಲ, ಸುಮ್ನೆ ಶಾಖ ಹೀರಿಕೊಂಡು ಒಡೆಯುತ್ತದೆ:

ಕ್ಯಾಲ್ಸಿಯಂ ಕಾರ್ಬೋನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಹಳೆಯ ಕಾಲದ ಭಟ್ಟಿಗೆ ಕಲ್ಲನ್ನೂ ಇದ್ದಿಲು ಅಥವಾ ಕಲ್ಲಿದ್ದಲನ್ನೂ ಒಂದರ ಮೇಲೊಂದು ಪದರವಾಗಿ ತುಂಬುತ್ತಾರೆ. ಇದ್ದಿಲಿನ ದಹನ ಶಾಖ ಕೊಡುತ್ತದೆ, ಪಕ್ಕದ ಕಲ್ಲಿನ ವಿಭಜನೆ ಅದನ್ನು ತೆಗೆದುಕೊಳ್ಳುತ್ತದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಬೇಕು. ಸ್ಪಿರಿಟ್ ದೀಪದಲ್ಲಿ ಪ್ರನಾಳ ಹಿಡಿದು ಎಷ್ಟು ಹೊತ್ತು ಕೂತರೂ ಈ ಪ್ರಯೋಗ ಸರಿಯಾಗಿ ಆಗದೇ ಇರುವುದಕ್ಕೆ ಕಾರಣ ಇದೇ.

ತೂಕದ ಲೆಕ್ಕ ನೋಡಿ. ಶುದ್ಧವಾದ 100 ಕಿಲೋ ಕಲ್ಲು ಹಾಕಿದರೆ ಕೈಗೆ ಸಿಗುವ ಸುಟ್ಟ ಸುಣ್ಣ 56 ಕಿಲೋ ಮಾತ್ರ. ಉಳಿದ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ನಮ್ಮಲ್ಲಿ ಸುಣ್ಣದ ಕಲ್ಲು ಕಲಬುರಗಿ, ಬಾಗಲಕೋಟೆ ಸೀಮೆಯಲ್ಲಿ ಹೇರಳ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಇರುವುದೂ ಅದಕ್ಕೇ. ಸಿಮೆಂಟ್ ಮಾಡುವಾಗ ಹೊರಬರುವ ಕಾರ್ಬನ್ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಧನದ್ದಲ್ಲ, ಕಲ್ಲಿನದ್ದೇ. ಕಲ್ಲಿದ್ದಲು ಬಿಟ್ಟು ಬೇರೆ ಯಾವ ಇಂಧನ ಬಳಸಿದರೂ ಕಲ್ಲಿನಿಂದ ಬರುವುದು ಬಂದೇ ಬರುತ್ತದೆ. ಪಠ್ಯದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಸಮೀಕರಣ ಹವಾಮಾನದ ಚರ್ಚೆಯವರೆಗೂ ಹೋಗುವುದು ಹೀಗೆ.

ಕರಾವಳಿಯಲ್ಲಿ ಕಲ್ಲಿನ ಬದಲು ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪೂ ಕ್ಯಾಲ್ಸಿಯಂ ಕಾರ್ಬೋನೇಟೇ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬುಸುಬುಸು ಅಂತ ಕುದಿಯುತ್ತದಲ್ಲ, ಅದು ಸಂಯೋಗ ಕ್ರಿಯೆ, ಬಹಿರುಷ್ಣಕ, ಅಂದರೆ ಶಾಖ ಬಿಡುವಂಥದ್ದು. ಆ ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಎರಡು ಮೂರು ದಿನಗಳಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹಿಡಿದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ. ಭಟ್ಟಿಗೆ ಹೋಗುವ ಮುಂಚೆ ಏನಿತ್ತೋ ಅದೇ ಈಗ ಗೋಡೆಯ ಮೇಲೆ.

ಫೆರಸ್ ಸಲ್ಫೇಟ್ ಪ್ರಯೋಗದಲ್ಲಿ ಬಣ್ಣ ಬದಲಾಗುವ ಕ್ರಮ ಏನು?

ಎಲೆ ಹಳದಿಯಾದ ಗಿಡಗಳಿಗೆ ಹಾಕುತ್ತಾರಲ್ಲ, ಆ ಹಸಿರು ಹರಳು ಇದು. ಅನ್ನಭೇದಿ ಅಂತಲೂ ಕರೆಯುತ್ತಾರೆ. ಹರಳಿನೊಳಗೆ 7 ನೀರಿನ ಅಣುಗಳಿರುತ್ತವೆ. ಬಿಸಿ ಮಾಡಿದರೆ ಮೊದಲು ಆ ನೀರು ಹೋಗಿ ಹಸಿರು ಮಾಸುತ್ತದೆ, ಬಿಳಿಚಿಕೊಳ್ಳುತ್ತದೆ. ಪ್ರನಾಳದ ಬಾಯಿಯ ಹತ್ತಿರ ನೀರಿನ ಹನಿಗಳು ಕಾಣುತ್ತವೆ. ಇನ್ನೂ ಬಿಸಿ ಮಾಡಿದರೆ ಕೆಂಪು ಮಿಶ್ರಿತ ಕಂದು ಬಣ್ಣದ ಫೆರಿಕ್ ಆಕ್ಸೈಡ್ ಉಳಿಯುತ್ತದೆ. ಜೊತೆಗೆ ಸಲ್ಫರ್ ಡೈಆಕ್ಸೈಡ್, ಸಲ್ಫರ್ ಟ್ರೈಆಕ್ಸೈಡ್ ಹೊರಬರುತ್ತವೆ, ಗಂಧಕ ಸುಟ್ಟ ಘಾಟು ಅವುಗಳದ್ದು.

ಮಕ್ಕಳು ನೀರು ಹೋಗುವ ಹಂತವನ್ನು ಬಿಟ್ಟು ನೇರವಾಗಿ "ಹಸಿರು ಕಂದಾಯಿತು" ಅಂತ ಬರೆಯುತ್ತಾರೆ. ಎರಡೂ ಹಂತ ಬರೆಯಿರಿ. ಮತ್ತೆ, ವಾಸನೆ ನೋಡುವುದು ಅಂದರೆ ಪ್ರನಾಳಕ್ಕೆ ಮೂಗು ಇಡುವುದಲ್ಲ. ದೂರದಲ್ಲಿ ಹಿಡಿದು ಕೈಯಿಂದ ಬೀಸಿಕೊಳ್ಳಬೇಕು.

ಲೆಡ್ ನೈಟ್ರೇಟ್ ಪ್ರಯೋಗ ನಮಗೆ ಮಾಡಲು ಕೊಡಲಿಲ್ಲ. ಯಾಕೆ?

ಕೊಡದಿದ್ದದ್ದೇ ಒಳ್ಳೆಯದು. ಸೀಸ ವಿಷ, ಹೊರಬರುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್ ಕೂಡ ಶ್ವಾಸಕೋಶಕ್ಕೆ ಕೆಟ್ಟದ್ದು. ಮೇಷ್ಟ್ರು ಕಿಟಕಿ ತೆರೆದು ಒಮ್ಮೆ ತೋರಿಸಿದರೆ ಸಾಕು. ಬಿಳಿ ಹರಳು ಚಟಪಟ ಸಿಡಿಯುವುದು, ಕಂದು ಹೊಗೆ, ತಣ್ಣಗಾದ ಮೇಲೆ ಉಳಿಯುವ ಹಳದಿ ಲೆಡ್ ಆಕ್ಸೈಡ್, ಈ ಮೂರನ್ನು ನೆನಪಿಡಿ.

ಕೈಯಾರೆ ಮಾಡಲೇಬೇಕು ಅಂದರೆ ಹಸಿರು ಬಣ್ಣದ ತಾಮ್ರದ ಕಾರ್ಬೋನೇಟ್ ಒಳ್ಳೆಯದು. ಶಾಲೆಯ ಬರ್ನರಿನಲ್ಲೇ ಕಪ್ಪಾಗುತ್ತದೆ, ಬಂದ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡುತ್ತದೆ. ಒಂದು ಎಚ್ಚರಿಕೆ: ಪ್ರಯೋಗ ನಿಲ್ಲಿಸುವಾಗ ಮೊದಲು ನಳಿಕೆಯನ್ನು ತಿಳಿನೀರಿನಿಂದ ಹೊರತೆಗೆಯಿರಿ, ಆಮೇಲೆ ಬರ್ನರ್ ಆರಿಸಿ. ಉಲ್ಟಾ ಮಾಡಿದರೆ ಪ್ರನಾಳ ತಣ್ಣಗಾಗುತ್ತಾ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಬಿಸಿ ಗಾಜು ಫಟ್ ಅಂತ ಒಡೆಯುತ್ತದೆ.

ಅಡುಗೆ ಸೋಡಾ ಉಬ್ಬಿಸುವುದು ವಿಭಜನೆಯಿಂದಲೋ, ಹುಳಿಯಿಂದಲೋ?

ಎರಡರಿಂದಲೂ. ಗೋಳಿಬಜೆ ಹಿಟ್ಟಿಗೆ ಹುಳಿ ಮಜ್ಜಿಗೆ ಹಾಕುತ್ತಾರೆ. ಸೋಡಾ ಬೆರೆಸಿದ ತಕ್ಷಣ ಹಿಟ್ಟಿನಲ್ಲಿ ಗುಳ್ಳೆ ಏಳುತ್ತದಲ್ಲ, ಅದು ಹುಳಿಯ ಜೊತೆಗಿನ ಕ್ರಿಯೆ. ಕಾದ ಎಣ್ಣೆಗೆ ಬಿಟ್ಟಾಗ ಉಳಿದ ಸೋಡಾ ಶಾಖಕ್ಕೆ ಒಡೆಯುತ್ತದೆ:

ಸೋಡಿಯಂ ಬೈಕಾರ್ಬೋನೇಟ್ → ಸೋಡಿಯಂ ಕಾರ್ಬೋನೇಟ್ + ನೀರು + ಕಾರ್ಬನ್ ಡೈಆಕ್ಸೈಡ್

ಸೋಡಾ ಜಾಸ್ತಿಯಾಗಿ ಹುಳಿ ಸಾಲದೇ ಹೋದರೆ ಸೋಡಿಯಂ ಕಾರ್ಬೋನೇಟ್, ಅಂದರೆ ವಾಷಿಂಗ್ ಸೋಡಾ, ತಿಂಡಿಯಲ್ಲೇ ಉಳಿಯುತ್ತದೆ. ಬೋಂಡ ತಿಂದಾಗ ಸಾಬೂನಿನಂಥ ರುಚಿ ಬಂದರೆ ಅದರದ್ದೇ ಕೆಲಸ.

ಇದೇ ಪುಡಿ ಬೆಂಕಿ ಆರಿಸುವುದಕ್ಕೂ ಆಗುತ್ತದೆ. ಕೆಲವು ಒಣಪುಡಿ ಅಗ್ನಿಶಾಮಕಗಳಲ್ಲಿ ತುಂಬಿರುವುದು ಸೋಡಿಯಂ ಬೈಕಾರ್ಬೋನೇಟ್.

ತುಪ್ಪ ಕರಗುವುದು, ನೀರು ಆವಿಯಾಗುವುದು ವಿಭಜನೆನಾ?

ಅಲ್ಲ. ಆವಿ ತಣ್ಣಗಾದರೆ ಮತ್ತೆ ಅದೇ ನೀರು. ಹೊಸ ವಸ್ತು ಆಗಿಲ್ಲ. ಸಕ್ಕರೆಯನ್ನು ಬಾಣಲೆಯಲ್ಲಿ ಸೀಯಲು ಬಿಟ್ಟು ಕಪ್ಪಾದರೆ ಅದು ವಿಭಜನೆ.

ಗ್ಯಾಸ್ ಒಲೆಯ ಉರಿ ಒಮ್ಮೊಮ್ಮೆ ಹಳದಿಯಾಗುವುದೇಕೆ? ಪಾತ್ರೆಯ ತಳ ಯಾಕೆ ಮಸಿಯಾಗುತ್ತದೆ?

ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಆಕ್ಸಿಜನ್ ಸಾಕಷ್ಟು ಸಿಕ್ಕರೆ ಅನಿಲದಲ್ಲಿರುವ ಕಾರ್ಬನ್ ಎಲ್ಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಉರಿ ನೀಲಿ ಇರುತ್ತದೆ. ಸಾಲದಿದ್ದರೆ ಸ್ವಲ್ಪ ಕಾರ್ಬನ್ ಉರಿಯದೆ ಕಣಗಳಾಗಿ ಉಳಿಯುತ್ತದೆ. ಆ ಕಣಗಳು ಕಾದು ಹೊಳೆಯುವುದರಿಂದಲೇ ಹಳದಿ ಬಣ್ಣ. ಪಾತ್ರೆಗೆ ಅಂಟಿದರೆ ಅದೇ ಮಸಿ. ಬರ್ನರಿನ ತೂತುಗಳಲ್ಲಿ ಉಕ್ಕಿದ ಹಾಲು, ಸಾರು ಕಟ್ಟಿಕೊಂಡಿರುತ್ತದೆ. ಪಿನ್ ಹಾಕಿ ತೆಗೆದು, ತೊಳೆದು ಒಣಗಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಇಲ್ಲದಿದ್ದರೆ ಹಣ ಕೊಟ್ಟು ತಂದ ಇಂಧನ ಪಾತ್ರೆಯ ತಳಕ್ಕೆ ಹೋಗುತ್ತಿರುತ್ತದೆ.

ಅಪೂರ್ಣ ದಹನದ ಇನ್ನೊಂದು ಉತ್ಪನ್ನ ಕಾರ್ಬನ್ ಮೊನಾಕ್ಸೈಡ್. ಇದು ಪರೀಕ್ಷೆಗಿಂತ ಮನೆಗೆ ಮುಖ್ಯ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕಿಟಕಿ ಇಲ್ಲದ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಹಾಕಿಸಿಕೊಂಡವರು, ಚಳಿಗೆ ಕೋಣೆಯೊಳಗೆ ಕೆಂಡ ಇಟ್ಟು ಬಾಗಿಲು ಹಾಕಿ ಮಲಗಿದವರು ಸತ್ತ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಗೀಸರ್ ಬಚ್ಚಲಿನ ಹೊರಗಿರಲಿ, ಗಾಳಿ ಆಡುವ ಜಾಗದಲ್ಲಿರಲಿ.

ಸಿಲಿಂಡರ್ ಖಾಲಿಯಾದಾಗ ಒಳಗಿದ್ದ ಗ್ಯಾಸ್ ಎಲ್ಲಿ ಹೋಯ್ತು?

ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಅಡುಗೆ ಅನಿಲದಲ್ಲಿ ಮುಖ್ಯವಾಗಿ ಪ್ರೊಪೇನ್, ಬ್ಯೂಟೇನ್ ಇರುತ್ತವೆ. ಪ್ರೊಪೇನ್ ಲೆಕ್ಕ ಸುಲಭ:

1 ಪ್ರೊಪೇನ್ + 5 ಆಕ್ಸಿಜನ್ → 3 ಕಾರ್ಬನ್ ಡೈಆಕ್ಸೈಡ್ + 4 ನೀರು

ತೂಕದಲ್ಲಿ ಹೇಳುವುದಾದರೆ 44 ಗ್ರಾಂ ಪ್ರೊಪೇನ್ 160 ಗ್ರಾಂ ಆಕ್ಸಿಜನ್ ಜೊತೆ ಸೇರಿ 132 ಗ್ರಾಂ ಕಾರ್ಬನ್ ಡೈಆಕ್ಸೈಡ್, 72 ಗ್ರಾಂ ನೀರು ಕೊಡುತ್ತದೆ. ಎರಡೂ ಕಡೆ ಕೂಡಿಸಿ, 204. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರುತ್ತದೆ. ಇದೇ ಲೆಕ್ಕ ಹಿಡಿದರೆ ಅದು ಸುಮಾರು 52 ಕಿಲೋ ಆಕ್ಸಿಜನ್ ತೆಗೆದುಕೊಂಡು, ಸುಮಾರು 43 ಕಿಲೋ ಕಾರ್ಬನ್ ಡೈಆಕ್ಸೈಡ್ ಮತ್ತು 23 ಲೀಟರಿಗೂ ಹೆಚ್ಚು ನೀರಾಗಿ ಅಡುಗೆಮನೆಯಿಂದ ಹೊರಗೆ ಹೋಗಿರುತ್ತದೆ.

ನೀರು ಕಾಣಲೇ ಇಲ್ಲವಲ್ಲ ಅನ್ನುತ್ತೀರಾ? ನಾಳೆ ಬೆಳಗ್ಗೆ ತಣ್ಣೀರು ತುಂಬಿದ ಸ್ಟೀಲ್ ಪಾತ್ರೆಯನ್ನು ಒಲೆಯ ಮೇಲಿಟ್ಟು ಹೊರಮೈಯನ್ನು ಗಮನಿಸಿ. ಉರಿ ತಾಗಿದ ಕೂಡಲೇ ತಳದ ಸುತ್ತ ಮಂಜು ಕವಿದ ಹಾಗೆ ತೇವ ಮೂಡುತ್ತದೆ, ಪಾತ್ರೆ ಕಾಯುತ್ತಿದ್ದಂತೆ ಮಾಯವಾಗುತ್ತದೆ. ಪಾತ್ರೆ ಸೋರುತ್ತಿಲ್ಲ. ದಹನದಲ್ಲಿ ಹುಟ್ಟಿದ ನೀರಾವಿ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾದದ್ದು.

ದಹನದ ಸಮೀಕರಣ ಸರಿದೂಗಿಸಲು ಸುಲಭ ದಾರಿ ಇದೆಯಾ?

ಮೊದಲು ಕಾರ್ಬನ್, ಆಮೇಲೆ ಹೈಡ್ರೋಜನ್, ಕೊನೆಗೆ ಆಕ್ಸಿಜನ್. ಆಕ್ಸಿಜನ್ನನ್ನು ಮೊದಲೇ ಮುಟ್ಟಿದರೆ ಸುತ್ತಿ ಸುತ್ತಿ ಅಲ್ಲೇ ಬರುತ್ತೀರಿ. ಬ್ಯೂಟೇನಿನಲ್ಲಿ 4 ಕಾರ್ಬನ್, 10 ಹೈಡ್ರೋಜನ್ ಇವೆ. ಹಾಗಾಗಿ 4 ಕಾರ್ಬನ್ ಡೈಆಕ್ಸೈಡ್, 5 ನೀರು. ಬಲಗಡೆ ಆಕ್ಸಿಜನ್ ಪರಮಾಣುಗಳು 13 ಆದವು, ಅಂದರೆ ಆರೂವರೆ ಆಕ್ಸಿಜನ್ ಅಣು ಬೇಕು. ಅರ್ಧ ಬೇಡ ಅಂದರೆ ಎಲ್ಲವನ್ನೂ ಎರಡರಿಂದ ಗುಣಿಸಿ: 2 ಬ್ಯೂಟೇನ್, 13 ಆಕ್ಸಿಜನ್, 8 ಕಾರ್ಬನ್ ಡೈಆಕ್ಸೈಡ್, 10 ನೀರು.

ಮೆಗ್ನೀಷಿಯಂ ಪಟ್ಟಿ ಉರಿಯುವುದು ಸಂಯೋಗವೋ, ದಹನವೋ?

ಎರಡೂ. ಎರಡು ವಸ್ತು ಸೇರಿ ಒಂದಾಯಿತು, ಹಾಗಾಗಿ ಸಂಯೋಗ. ಆಕ್ಸಿಜನ್ನಿನಲ್ಲಿ ಉರಿದು ಬೆಳಕು ಕೊಟ್ಟಿತು, ಹಾಗಾಗಿ ದಹನ. ಆಕ್ಸಿಜನ್ ಬಂದು ಸೇರಿತು, ಹಾಗಾಗಿ ಉತ್ಕರ್ಷಣವೂ ಹೌದು. 24 ಗ್ರಾಂ ಮೆಗ್ನೀಷಿಯಂ ಪೂರ್ತಿ ಉರಿದರೆ 40 ಗ್ರಾಂ ಬಿಳಿ ಪುಡಿ ಸಿಗುತ್ತದೆ, ಉರಿದ ಮೇಲೆ ತೂಕ ಜಾಸ್ತಿ! ಮರಳು ಕಾಗದದಲ್ಲಿ ಉಜ್ಜುವುದು ಯಾಕೆ ಅಂತ ಒಂದು ಅಂಕದ ಪ್ರಶ್ನೆ ಬರುತ್ತದೆ. ಮೇಲೆ ಕಟ್ಟಿದ ಆಕ್ಸೈಡ್ ಪದರ ತೆಗೆಯಲು. ಉರಿಯುವ ಪಟ್ಟಿಯನ್ನು ಬರಿಗಣ್ಣಿನಲ್ಲಿ ದಿಟ್ಟಿಸಬೇಡಿ.

ಬೆಂಕಿಗೆ ಆಕ್ಸಿಜನ್ ಬೇಕು ಅಂತ ಮೊದಲು ಗೊತ್ತಾಗಿದ್ದು ಹೇಗೆ?

ಒಂದು ವಿಭಜನೆಯಿಂದ. 1774ರ ಆಗಸ್ಟ್ 1ರಂದು ಇಂಗ್ಲೆಂಡಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಪಾದರಸದ ಕೆಂಪು ಆಕ್ಸೈಡಿನ ಮೇಲೆ ಭೂತಗನ್ನಡಿಯಿಂದ ಬಿಸಿಲು ಬೀಳಿಸಿದರು. ಬಂದ ಅನಿಲದಲ್ಲಿ ಮೇಣದಬತ್ತಿ ಭರ್ಜರಿಯಾಗಿ ಉರಿಯಿತು. ಉರಿಯುವ ವಸ್ತುಗಳೊಳಗೆ "ಫ್ಲಾಜಿಸ್ಟನ್" ಅನ್ನುವುದೊಂದಿದ್ದು, ಉರಿಯುವಾಗ ಅದು ಹೊರಹೋಗುತ್ತದೆ ಅಂತ ಆ ಕಾಲದವರು ನಂಬಿದ್ದರು. ಪ್ರೀಸ್ಟ್ಲಿಯೂ ಕೊನೆಯವರೆಗೆ ನಂಬಿದ್ದರು. ಫ್ರಾನ್ಸಿನ ಲವಾಸಿಯೆ ಮುಚ್ಚಿದ ಪಾತ್ರೆಗಳಲ್ಲಿ ತೂಕ ಮಾಡಿ ಮಾಡಿ, ಏನೂ ಹೊರಹೋಗುವುದಿಲ್ಲ, ಗಾಳಿಯ ಒಂದು ಭಾಗ ಬಂದು ಸೇರುತ್ತದೆ ಅಂತ ತೋರಿಸಿದರು. ಆಕ್ಸಿಜನ್ ಅನ್ನುವ ಹೆಸರು ಕೊಟ್ಟವರೂ ಅವರೇ.

ಹೈಡ್ರೋಜನ್ ಉರಿಯುತ್ತದೆ, ಆಕ್ಸಿಜನ್ ಉರಿಯಲು ಸಹಾಯ ಮಾಡುತ್ತದೆ. ಎರಡೂ ಸೇರಿದ ನೀರು ಬೆಂಕಿ ಆರಿಸುವುದು ಹೇಗೆ?

ನೀರು ಅಂದರೆ ಆಗಲೇ ಉರಿದು ಮುಗಿದ ಹೈಡ್ರೋಜನ್. ಒಲೆಯ ಬೂದಿಗೆ ಮತ್ತೆ ಬೆಂಕಿ ಹಚ್ಚಿದರೆ ಹತ್ತುತ್ತದಾ? ಇದೂ ಹಾಗೆ. ಮತ್ತೆ ಉರಿಸಬೇಕಾದರೆ ಮೊದಲು ವಿದ್ಯುತ್ ಕೊಟ್ಟು ಒಡೆಯಬೇಕು. ಉರಿದಾಗ ಎಷ್ಟು ಶಕ್ತಿ ಬಂದಿತ್ತೋ ಕನಿಷ್ಠ ಅಷ್ಟನ್ನು ವಾಪಸ್ ಕೊಡಬೇಕು. "ನೀರಿನಿಂದ ಓಡುವ ಬೈಕ್" ವಿಡಿಯೊ ಮೊಬೈಲಿಗೆ ಬಂದರೆ ಈ ಲೆಕ್ಕ ನೆನಪು ಮಾಡಿಕೊಳ್ಳಿ. 2023ರ ಜುಲೈ 14ರಂದು ಚಂದ್ರಯಾನ-3 ಹೊತ್ತೊಯ್ದ ಇಸ್ರೋ ರಾಕೆಟ್ಟಿನ ಮೇಲಿನ ಹಂತದಲ್ಲಿ ಇದ್ದದ್ದು ದ್ರವ ಹೈಡ್ರೋಜನ್, ದ್ರವ ಆಕ್ಸಿಜನ್. ಅದರ ದಹನದ ಉತ್ಪನ್ನ ನೀರಾವಿ.

ಎಣ್ಣೆಗೆ ಬೆಂಕಿ ಹತ್ತಿದಾಗ ಮಾತ್ರ ನೀರು ಹಾಕಬೇಡಿ. ನೀರು ಕೆಳಗಿಳಿದು ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನು ಎಲ್ಲೆಡೆ ಎರಚುತ್ತದೆ. ಗ್ಯಾಸ್ ಆರಿಸಿ, ತಟ್ಟೆ ಮುಚ್ಚಿ.

ಸೌದೆಯಲ್ಲಿ ಎರಡೂ ನಡೆಯುತ್ತವೆ ಅಂದಿರಲ್ಲ, ಹೇಗೆ?

ಬೆಂಕಿಕಡ್ಡಿಯಿಂದಲೇ ಶುರು ಮಾಡೋಣ. ಪೊಟ್ಟಣದ ಬದಿಯ ಪಟ್ಟಿಯಲ್ಲಿ ಕೆಂಪು ರಂಜಕ ಇರುತ್ತದೆ. ಕಡ್ಡಿಯ ತಲೆಯಲ್ಲಿ ಪೊಟ್ಯಾಷಿಯಂ ಕ್ಲೋರೇಟ್, ಗಂಧಕ, ಅಂಟು ಇತ್ಯಾದಿ. ಗೀರಿದಾಗ ರಂಜಕದ ಚೂರು ಹೊತ್ತಿಕೊಳ್ಳುತ್ತದೆ. ಆ ಬಿಸಿಗೆ ಪೊಟ್ಯಾಷಿಯಂ ಕ್ಲೋರೇಟ್ ಒಡೆದು ಆಕ್ಸಿಜನ್ ಬಿಡುತ್ತದೆ, ಇದು ವಿಭಜನೆ. ಆ ಆಕ್ಸಿಜನ್ನಿನಲ್ಲಿ ಗಂಧಕ ಭುಗ್ ಅಂತ ಉರಿಯುತ್ತದೆ, ಇದು ದಹನ. ಮೊದಲ ಕ್ಷಣದ ಆ ಜೋರು, ಆ ಘಾಟು ಎರಡೂ ಅಲ್ಲಿಂದಲೇ.

ಈಗ ಕಡ್ಡಿಯ ಮರದ ಸರದಿ. ಮರ ಕಾದಾಗ ಮೊದಲು ಒಡೆಯುತ್ತದೆ, ಅದರಿಂದ ಉರಿಯುವ ಅನಿಲಗಳು ಹೊರಬರುತ್ತವೆ. ಜ್ವಾಲೆಯಾಗಿ ಕಾಣುವುದು ಆ ಅನಿಲಗಳ ದಹನ. ಉಳಿದ ಇದ್ದಿಲು ಜ್ವಾಲೆ ಇಲ್ಲದೆ ಕೆಂಡವಾಗಿ ಉರಿಯುತ್ತದೆ. ಸೌದೆ ಒಲೆಯ ಮುಂದೆ ಕೂತವರಿಗೆ ಇದು ಕಣ್ಣಾರೆ ಗೊತ್ತು. ಹಸಿ ಸೌದೆ ಇಟ್ಟಾಗ ಬರೀ ಬಿಳಿ ಹೊಗೆ. ಅಜ್ಜಿ ಊದುಕೊಳವೆಯಿಂದ ಬಿಡದೆ ಊದುತ್ತಾರೆ, ಕೆಂಡ ಕೆಂಪಾಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಹೊಗೆಗೇ ಬೆಂಕಿ ಹತ್ತುತ್ತದೆ. ಅಲ್ಲಿಯವರೆಗೆ ಕಣ್ಣುರಿಸುತ್ತಿದ್ದ ಆ ಹೊಗೆ ನಿಜಕ್ಕೂ ಉರಿಯದೇ ಉಳಿದ ಇಂಧನ.

ಇದ್ದಿಲು ಸುಡುವವರು ಬೇಕಂತಲೇ ಈ ಎರಡನ್ನು ಬೇರೆ ಮಾಡುತ್ತಾರೆ. ಸೌದೆ ಅಥವಾ ತೆಂಗಿನ ಕರಟ ತುಂಬಿ, ಮಣ್ಣು ಮುಚ್ಚಿ, ಗಾಳಿ ಆದಷ್ಟು ಕಡಿಮೆ ಬಿಡುತ್ತಾರೆ. ಒಳಗೆ ವಿಭಜನೆ ನಡೆಯುತ್ತದೆ, ದಹನ ಮುಂದುವರಿಯುವುದಿಲ್ಲ. ಮಣ್ಣು ಬಿರುಕು ಬಿಟ್ಟರೆ ಇದ್ದಿಲಿನ ಬದಲು ಬೂದಿ ಸಿಗುತ್ತದೆ.

ತುಕ್ಕು ಹಿಡಿಯುವುದು, ಉಸಿರಾಟ, ಗೊಬ್ಬರದ ಗುಂಡಿ ಬಿಸಿಯಾಗುವುದು, ಇವೂ ದಹನವೇ?

ದಹನ ಅಂತ ಬರೆಯಬೇಡಿ, ನಿಧಾನ ಉತ್ಕರ್ಷಣ ಅನ್ನಿ. ಶಾಖ ಬರುತ್ತದೆ, ಜ್ವಾಲೆ ಇಲ್ಲ. ಗೊಬ್ಬರದ ಗುಂಡಿಯ ಬಿಸಿ ಸೂಕ್ಷ್ಮಜೀವಿಗಳ ಕೆಲಸದ್ದು. ಆದರೆ ಹಸಿ ಹುಲ್ಲನ್ನು ಸರಿಯಾಗಿ ಒಣಗಿಸದೆ ಬಣವೆ ಒಟ್ಟಿದರೆ ಇದೇ ಬಿಸಿ ಒಳಗೇ ಸೇರುತ್ತಾ ಹೋಗಿ, ಯಾರೂ ಹಚ್ಚದೆಯೂ ಬಣವೆಗೆ ಬೆಂಕಿ ಬೀಳಬಹುದು.

ವಿಭಜನೆ ಎಲ್ಲ ಅಂತರುಷ್ಣಕ ಅಂತ ಬರೆಯಬಹುದಾ?

"ಸಾಮಾನ್ಯವಾಗಿ" ಸೇರಿಸಿ ಬರೆಯಿರಿ. ಪಠ್ಯದ ಉದಾಹರಣೆಗಳು ಬಹುತೇಕ ಶಾಖ ಹೀರಿಕೊಳ್ಳುವಂಥವೇ. ಅಪವಾದಗಳೂ ಇವೆ. ಹೈಡ್ರೋಜನ್ ಪೆರಾಕ್ಸೈಡ್ ಒಡೆಯುವಾಗ ಶಾಖ ಬಿಡುತ್ತದೆ. 2020ರ ಆಗಸ್ಟ್ 4ರಂದು ಲೆಬನಾನಿನ ಬೈರುತ್ ಬಂದರಿನಲ್ಲಿ ಸಿಡಿದದ್ದು ಗೋದಾಮಿನಲ್ಲಿಟ್ಟಿದ್ದ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್. ಗೋದಾಮಿಗೆ ಬಿದ್ದ ಬೆಂಕಿಗೆ ಅದು ಒಮ್ಮೆಗೇ ವಿಭಜನೆಯಾಯಿತು, 200ಕ್ಕೂ ಹೆಚ್ಚು ಜನ ಸತ್ತರು.

ಮನೆಯಲ್ಲೇ ಮಾಡಬಹುದಾದ ವಿಭಜನೆಯ ಪ್ರಯೋಗ ಹೇಳಿ.

ಮೆಡಿಕಲ್ ಶಾಪಿನಿಂದ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಬೆಳಕಿಗೆ ಒಡೆಯದಿರಲಿ ಅಂತ ಅದು ಕಂದು ಬಾಟಲಿಯಲ್ಲಿ ಬರುತ್ತದೆ. ದೊಡ್ಡವರೊಬ್ಬರು ಜೊತೆಗಿರಲಿ, ಕಣ್ಣಿಗೆ, ಕೈಗೆ ತಾಗಿಸಿಕೊಳ್ಳಬೇಡಿ. ಉದ್ದನೆಯ ಲೋಟಕ್ಕೆ ಎರಡು ಬೆರಳು ಎತ್ತರ ಹಾಕಿ, ಹಸಿ ಆಲೂಗಡ್ಡೆಯ ಚೂರುಗಳನ್ನು ಬಿಡಿ. ನೊರೆ ಏಳುತ್ತದೆ. ಆಲೂಗಡ್ಡೆಯಲ್ಲಿರುವ ಕಿಣ್ವ ಪೆರಾಕ್ಸೈಡನ್ನು ನೀರು, ಆಕ್ಸಿಜನ್ ಆಗಿ ಒಡೆಯುತ್ತಿದೆ. ಊದಿನಕಡ್ಡಿ ಹಚ್ಚಿ, ಉರಿ ಆರಿಸಿ, ಕೆಂಡ ಇರುವ ತುದಿಯನ್ನು ನೊರೆಗೆ ತಾಗದ ಹಾಗೆ ಲೋಟದೊಳಗೆ ಇಳಿಸಿ. ಕೆಂಡ ಒಮ್ಮೆಲೇ ಹೊಳೆಯುತ್ತದೆ. ವಿಭಜನೆ ಕೊಟ್ಟ ಆಕ್ಸಿಜನ್ನಿನಲ್ಲಿ ದಹನ ಜೋರಾಯಿತು, ಅಷ್ಟೇ. ಆಮೇಲೆ ಬೇಯಿಸಿದ ಆಲೂಗಡ್ಡೆಯಲ್ಲಿ ಇದನ್ನೇ ಮಾಡಿ ನೋಡಿ. ನೊರೆ ಬರುವುದಿಲ್ಲ, ಬೇಯಿಸುವಾಗ ಕಿಣ್ವ ಹಾಳಾಗಿರುತ್ತದೆ.